ನೋಡದೆ ಬರೆದ ಸೊನ್ನೆ

ಎಂಬಿಬಿಎಸ್ ಸೀಟು ಸಿಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಪಬ್ಲಿಕ್ ಹೆಲ್ತ್ ಡಿಗ್ರಿ ಓದಿದವಳು ಅಂದ ಕೂಡಲೇ ಎದುರಿಗಿದ್ದವರ ಮುಖದ ಮೇಲೆ ಆ ಪ್ರಶ್ನೆ ಬಂದು ಕೂರುತ್ತದೆ. ಒಂದು ಸಲ ಪರೀಕ್ಷೆ ಬರೆದೆ, ಆಗಲಿಲ್ಲ. ಎರಡನೇ ಸಲ ಬರೆ ಅಂತ ಅಪ್ಪ ಅಂದರು, ನಾನು ಒಪ್ಪಲಿಲ್ಲ. ಹನ್ನೆರಡನೇ ಕ್ಲಾಸು ಮುಗಿಸಿದವರೂ ನೇರವಾಗಿ ಸಾರ್ವಜನಿಕ ಆರೋಗ್ಯ ಓದಬಹುದು ಅಂತ ಒಂದು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನೋಡಿ, ಅಪ್ಪನ ಮೇಲಿನ ಸಿಟ್ಟಿಗೆ ಅರ್ಜಿ ಹಾಕಿದೆ. ಸಿಟ್ಟಿಗೆ ಸೇರಿದ್ದು ಹೌದು, ಆಮೇಲೆ ಆ ಓದಿನ ಮೇಲೆ ಪ್ರೀತಿ ಹುಟ್ಟಿದ್ದೂ ಹೌದು. ಎರಡಕ್ಕೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ನಮ್ಮದು ಗದಗಿನ ಕಡೆಯ ಮನೆತನ. ಅಪ್ಪ ವಿಮಾ ಕಚೇರಿಯ ನೌಕರಿಗೆಂದು ಚೆನ್ನೈಗೆ ಬಂದು ಇಲ್ಲೇ ನಿವೃತ್ತರಾದರು, ವೇಲಚೇರಿಯಲ್ಲಿ ಒಂದು ಫ್ಲ್ಯಾಟ್ ಕೊಂಡರು. ಮನೆಯೊಳಗೆ ಗದಗಿನ ಮಾತು, ಬಾಗಿಲು ದಾಟಿದರೆ ತಮಿಳು. ಚಿಕ್ಕವಳಿದ್ದಾಗ ಅವ್ವ ಕನ್ನಡದಲ್ಲಿ ಬೈದರೆ ನಾನು ತಮಿಳಿನಲ್ಲಿ ಎದುರಾಡುತ್ತಿದ್ದೆ. ಬೈಗುಳವೆಲ್ಲ ತಿಳಿಯುತ್ತಿತ್ತು, ಉತ್ತರಕ್ಕೆ ಕನ್ನಡ ಸಾಲುತ್ತಿರಲಿಲ್ಲ. ನಮ್ಮ ಜೊತೆಗಿದ್ದ ಅಜ್ಜಿ ದಿನಾ ಸಂಜೆ ಎದುರಿಗೆ ಕೂರಿಸಿಕೊಂಡು ಒಂದು ಪುಟ ಓದಿಸದೇ ಇದ್ದಿದ್ದರೆ ಈಗ ಇದನ್ನು ಬರೆಯಲೂ ಆಗುತ್ತಿರಲಿಲ್ಲ.

ಕಾಲೇಜು ಸೇರಿದ ಸುದ್ದಿ ಊರಿಗೆ ಮುಟ್ಟಿದ್ದೇ ಸೋದರತ್ತೆಯ ಫೋನು ಬಂತು.

"ಅಂದ್ರ ಮುಂದ ಏನಾಗ್ತಿ? ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಮಂದಿ ಮನಿ ಮೋರಿ ನೋಡಾಕ ಡಿಗ್ರಿ ಬೇಕೇನವಾ?"

"ಬೇಕತ್ತಿ. ಹೆಂಗ ನೋಡೂದು ಅಂತ ಕಲಿಸ್ತಾರ," ಅಂದೆ. ಆಗ ಅದು ಬರೀ ಬಾಯಿಮಾತು. ನೋಡುವುದನ್ನು ನಾನಿನ್ನೂ ಕಲಿತಿರಲಿಲ್ಲ.

ನಮಗೆ ಫೀಲ್ಡ್ ಕೆಲಸ ಕಲಿಸುತ್ತಿದ್ದ ಮೇಡಂ ಗಿಡ್ಡ ಹೆಂಗಸು, ಅವರ ಚಪ್ಪಲಿಗೆ ಯಾವಾಗಲೂ ಯಾವುದೋ ಬೀದಿಯ ಕೆಸರು ಮೆತ್ತಿಕೊಂಡಿರುತ್ತಿತ್ತು. ಮೊದಲ ಪ್ರಾಕ್ಟಿಕಲ್ಲಿಗೆ ಅವರು ತರಹೇಳಿದ್ದು ಒಂದು ಟಾರ್ಚು, ಒಂದು ಬಿಳಿ ಸೌಟು. ಸ್ಟೆತಾಸ್ಕೋಪಿನ ಕನಸು ಕಂಡವಳ ಕೈಗೆ ಸೌಟು! ಡೆಂಗಿ ಹರಡುವ ಸೊಳ್ಳೆ ಮೋರಿಯಲ್ಲಿ ಹುಟ್ಟುವುದಿಲ್ಲ, ಮನೆಯೊಳಗಿನ ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಅದರ ಮರಿ ಎಷ್ಟು ಸಣ್ಣದೆಂದರೆ ಬಿಳಿಯ ಮೇಲೆ ಮಾತ್ರ ಅದರ ಒದ್ದಾಟ ಕಣ್ಣಿಗೆ ಬೀಳುತ್ತದೆ. ಅವ್ವನ ಮದುವೆಯಲ್ಲಿ ಬಂದಿದ್ದ ಬಿಳಿ ಎನಾಮಲ್ ಸೌಟೊಂದು ಅಟ್ಟದ ಮೇಲಿತ್ತು, ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಬಡಿಸಲು ಮಾತ್ರ ಕೆಳಗಿಳಿಯುತ್ತಿತ್ತು. ಕೇಳದೆ ತೆಗೆದುಕೊಂಡು ಹೋದೆ. ಅವ್ವ ಮೂರು ದಿನ ಮಾತು ಬಿಟ್ಟಳು.

ಮೇಡಂ ಕೊಟ್ಟ ಫಾರಂ ಬಹಳ ಸಾದಾ. ಒಂದೊಂದು ಮನೆಗೆ ಒಂದೊಂದು ಸಾಲು. ಬಾಗಿಲ ನಂಬರು, ನೀರು ನಿಂತ ಎಷ್ಟು ಪಾತ್ರೆ ನೋಡಿದಿರಿ, ಎಷ್ಟರಲ್ಲಿ ಮರಿ ಸಿಕ್ಕಿತು, ಅಷ್ಟೇ. ಅವರು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ: "ನೋಡಿದ ಮೇಲೆ ಸಿಗಲಿಲ್ಲ ಅಂದರೆ ಸೊನ್ನೆ ಬರೀರಿ. ನೋಡೋಕೇ ಆಗಲಿಲ್ಲ ಅಂದರೆ ಗೀಟು ಹಾಕಿ. ಬೀಗ ಹಾಕಿತ್ತು, ಒಳಗೆ ಬಿಡಲಿಲ್ಲ, ನಾಯಿ ಅಟ್ಟಿಸಿಕೊಂಡು ಬಂತು, ಎಲ್ಲದಕ್ಕೂ ಗೀಟು. ಅದರಲ್ಲಿ ನಾಚಿಕೆ ಏನೂ ಇಲ್ಲ. ನೋಡದೆ ಸೊನ್ನೆ ಬರೆದವರನ್ನ ಮಾತ್ರ ನಾನು ಕ್ಷಮಿಸೋಲ್ಲ."

ಇಷ್ಟು ಹೇಳಲು ಒಂದು ಕ್ಲಾಸು ಬೇಕೇ ಅಂತ ಮನಸ್ಸಿನಲ್ಲೇ ಮೂಗು ಮುರಿದೆ.

ಎರಡನೇ ವರ್ಷದ ಮಳೆಗಾಲದಲ್ಲಿ ಅವರವರ ಬೀದಿಯನ್ನು ಅವರವರೇ ನೋಡಿ ಬರಬೇಕೆಂದು ಕೆಲಸ ಕೊಟ್ಟರು. ನಾನು ನಮ್ಮ ಕಟ್ಟಡವನ್ನೇ ಹಿಡಿದೆ. ಹದಿನೆಂಟು ಫ್ಲ್ಯಾಟು. ವೇಲಚೇರಿಯಲ್ಲಿ ದೊಡ್ಡ ಮಳೆಗೆ ನೀರು ಎಲ್ಲಿಗೆ ಬರುತ್ತದೆಂದು ಎಲ್ಲರಿಗೂ ಗೊತ್ತಿರುವುದರಿಂದ ನೆಲದ ಮಟ್ಟದಲ್ಲಿ ಮನೆಗಳಿಲ್ಲ, ಕಂಬಗಳ ನಡುವೆ ಕಾರು, ಸ್ಕೂಟರು, ಮೂಲೆಯಲ್ಲಿ ಮೋಟರಿನ ಪಂಪ್ ರೂಮು. ಆ ಪಂಪ್ ರೂಮಿನಲ್ಲಿ ವಾಚ್‌ಮನ್, ಅವನ ಹೆಂಡತಿ, ಅವರ ಮೂರನೇ ಕ್ಲಾಸಿನ ಮಗಳು ಇದ್ದರು. ಅವನು ಗೇಟು ಕಾಯುತ್ತಿದ್ದ, ಅವಳು ಮೆಟ್ಟಿಲು ಗುಡಿಸುತ್ತಿದ್ದಳು. ನಾವು ಬರುವ ಮೊದಲಿನಿಂದಲೂ ಇದ್ದವರು.

ಎರಡು ಸಂಜೆ ಮನೆಮನೆ ತಿರುಗಿದೆ. ಮೂರನೇ ಮಹಡಿಯಲ್ಲಿ ನಿವೃತ್ತ ಡಾಕ್ಟರೊಬ್ಬರಿದ್ದರು, ಕಟ್ಟಡದ ಅಸೋಸಿಯೇಷನ್ನಿಗೆ ಅವರೇ ಪ್ರೆಸಿಡೆಂಟು, ನಮ್ಮ ಅಪ್ಪ ಸೆಕ್ರೆಟರಿ. ಡಾಕ್ಟರ್ ಅಂಕಲ್ ಬಾಗಿಲನ್ನು ಅರ್ಧ ತೆರೆದು, ನನ್ನ ಸೌಟು ನೋಡಿ ನಕ್ಕರು.

"ಪಬ್ಲಿಕ್ ಹೆಲ್ತಾ? ಅದು ಎಂಬಿಬಿಎಸ್ ಮುಡಿಚ್ಚಿಟ್ಟು ಪಡಿಕ್ಕಿರದುಮ್ಮಾ," ಅಂದರು. ಅದನ್ನು ಎಂಬಿಬಿಎಸ್ ಮುಗಿಸಿದವರು ಓದುವುದಂತೆ. ಆಮೇಲೆ, ಇದು ಡಾಕ್ಟರ ಮನೆ, ಏನೂ ಇಲ್ಲ ಅಂತ ಬರ್ಕೋ ಅಂದು ಬಾಗಿಲು ಹಾಕಿದರು. ಕೆನ್ನೆಗೆ ಹೊಡೆದ ಹಾಗಾಯಿತು. ಆ ಅವಮಾನದಲ್ಲಿ ಅವರು ಹೇಳಿದಂತೆಯೇ ಸೊನ್ನೆ ಬರೆದೆ. ನಮ್ಮ ಮನೆಗೆ ಬಂದಾಗ ಕಾಲು ಸೋತಿತ್ತು. ನಮ್ಮ ಮನೆ ನನಗೆ ಗೊತ್ತಿಲ್ಲವೇ? ದಿನಕ್ಕೆ ಎರಡು ಸಲ ನೆಲ ಒರೆಸುವ ಅವ್ವ. ಊಟ ಮಾಡುತ್ತಲೇ ಅಲ್ಲೂ ಸೊನ್ನೆ ಬರೆದೆ. ಪಂಪ್ ರೂಮಿಗೆ ಬಾಗಿಲ ನಂಬರೇ ಇರಲಿಲ್ಲ, ಆದ್ದರಿಂದ ಅದು ಒಂದು ಮನೆ ಅಂತ ನನಗೆ ಹೊಳೆಯಲೂ ಇಲ್ಲ.

ಅದೇ ವಾರ ಡಾಕ್ಟರ್ ಅಂಕಲ್ ಮೊಮ್ಮಗನಿಗೆ ಡೆಂಗಿ ಬಂತು. ಮಗುವನ್ನು ಆಸ್ಪತ್ರೆಗೆ ಸೇರಿಸಿದರು, ಇಡೀ ಕಟ್ಟಡ ನಡುಗಿತು. ನಡುಗಿದವರಿಗೆ ಯಾರಾದರೊಬ್ಬರು ತಪ್ಪಿತಸ್ಥರು ಬೇಕಾಗುತ್ತದೆ. ಪಂಪ್ ರೂಮಿನ ಹೊರಗೆ ಸಾಲಾಗಿ ಆರು ನೀಲಿ ಡ್ರಮ್ಮುಗಳಿದ್ದವು, ವಾಚ್‌ಮನ್ ಮನೆಯವರು ನೀರು ಹಿಡಿದಿಡುತ್ತಿದ್ದಂಥವು. ಎಲ್ಲರ ಕಣ್ಣಿಗೂ ಕಾಣುವಂಥವು. ಮೂರೇ ದಿನದಲ್ಲಿ ಲಿಫ್ಟಿನ ಪಕ್ಕ ನೋಟಿಸು ಬಂತು: ಭಾನುವಾರ ಹತ್ತು ಗಂಟೆಗೆ ಸಭೆ, ಪಂಪ್ ರೂಮಿನಲ್ಲಿ ವಾಸವಿರುವವರನ್ನು ತೆರವು ಮಾಡಿಸುವ ಬಗ್ಗೆ. ಕೆಳಗೆ ಸೆಕ್ರೆಟರಿಯ ಸಹಿ. ಅಪ್ಪನ ಸಹಿ ದುಂಡಗೆ ಚೆನ್ನಾಗಿರುತ್ತದೆ.

ನಾನು ಅದನ್ನು ಓದಿ, ಪಾಪ ಅಂದುಕೊಂಡು, ಕಾಲೇಜಿಗೆ ಹೋದೆ. ಹೌದು, ಅಷ್ಟೇ ಮಾಡಿದೆ.

ಅವತ್ತು ಮೇಡಂ ನನ್ನ ಫಾರಂ ಹಿಡಿದು ಕ್ಲಾಸಿನ ಮುಂದೆ ನಿಲ್ಲಿಸಿದರು. "ಈ ಎರಡು ಮನೆಗಳಲ್ಲಿ ನೋಡಿದ ಪಾತ್ರೆಯೂ ಸೊನ್ನೆ, ಸಿಕ್ಕ ಮರಿಯೂ ಸೊನ್ನೆ. ಒಂದು ಬಕೆಟ್ಟೂ ಇಲ್ಲದ ಮನೆಗಳಾ ಇವು? ಇವರು ನೀರು ಕುಡಿಯೋದಿಲ್ವಾ?"

ಒಂದು ಡಾಕ್ಟರ ಮನೆ ಅಂದೆ. ಇನ್ನೊಂದು? ನಮ್ಮದು ಅಂದೆ. ಕ್ಲಾಸು ನಗಲು ಶುರುಮಾಡಿತು, ಮೇಡಂ ನಗಲಿಲ್ಲ. ನಮ್ಮ ಕಟ್ಟಡದಲ್ಲಿ ಮೋಟರು ಯಾರು ಹಾಕುತ್ತಾರೆ ಅಂತ ಕೇಳಿದರು. ವಾಚ್‌ಮನ್ ಅಂದೆ. ಅವನೆಲ್ಲಿ ಮಲಗುತ್ತಾನೆ ಅಂತ ಕೇಳಿದರು. ಹೇಳಿದೆ. ಅವನ ಸಾಲು ಎಲ್ಲಿ ಅಂತ ಕೇಳಿದರು.

"ನಿನಗೆ ಗೊತ್ತಿರೋ ಮನೆ ನೋಡಲಿಲ್ಲ, ನೀನು ಹೆದರೋ ಮನೆ ನೋಡಲಿಲ್ಲ, ನಿನಗೆ ಲೆಕ್ಕಕ್ಕಿಲ್ಲದ ಮನೆ ಬರೆಯಲೇ ಇಲ್ಲ. ಮತ್ತೆ ನೀನು ನೋಡಿದ್ದೇನು?" ಅಂದು ಫಾರಂ ಹರಿಯದೆ ವಾಪಸು ಕೊಟ್ಟರು. ಹರಿದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದವಳೇ ಚೀಲ ಎಸೆದು ಟಾರ್ಚು ಹಿಡಿದೆ. ಬಕೆಟ್ಟು, ಹೂದಾನಿ, ದೇವರ ಮುಂದಿನ ತಂಬಿಗೆ, ಎಲ್ಲ ನೋಡಿದೆ. ಏನೂ ಇಲ್ಲ. ಮನಸ್ಸು ಹಗುರಾಗತೊಡಗಿತು. ಕೊನೆಗೆ ಫ್ರಿಡ್ಜನ್ನು ಗೋಡೆಯಿಂದ ಈಚೆಗೆ ಎಳೆದೆ. ಅದರ ಬೆನ್ನಿಗೆ, ಕೆಳಗೆ, ಕರಗಿದ ನೀರು ಬಂದು ಬೀಳುವ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಕೊಂಡು ಎಂಟು ವರ್ಷವಾದರೂ ನಮ್ಮ ಮನೆಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಅವ್ವನ ಮದುವೆಯ ಸೌಟಿನಲ್ಲಿ ಆ ನೀರೆತ್ತಿ ಟಾರ್ಚು ಬಿಟ್ಟೆ. ಹತ್ತಾರು ಮರಿಗಳು ಕೊಂಕಿ ಕೊಂಕಿ ಕುಣಿಯುತ್ತಿದ್ದವು.

ಅವ್ವ ಬಗ್ಗಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. "ನಮ್ಮನ್ಯಾಗ? ನಮ್ಮನ್ಯಾಗನಾ?"

ಮನೆ ಗೆದ್ದು ಮಾರು ಗೆಲ್ಲು ಅಂತ ಅಜ್ಜಿ ಹೇಳುತ್ತಿದ್ದಳು. ನಾನು ಮನೆಯಲ್ಲಿ ಸೋತಿದ್ದೆ, ಅದೂ ಬಾಗಿಲನ್ನೇ ತೆರೆಯದೆ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತಿದೆ.

ಪಂಪ್ ರೂಮಿಗಿಳಿದೆ. ವಾಚ್‌ಮನ್ ಹೆಂಡತಿಯನ್ನು ಅಕ್ಕಾ ಅಂತ ಕರೆಯುತ್ತಿದ್ದೆ, ಅವಳು ನನ್ನನ್ನು ಪಾಪ್ಪಾ, ಅಂದರೆ ಮಗೂ, ಅನ್ನುತ್ತಿದ್ದಳು. ನೋಟಿಸು ಅವಳಿಗೆ ಆಗಲೇ ಯಾರೋ ಓದಿ ಹೇಳಿದ್ದರು. ಆರು ಡ್ರಮ್ಮುಗಳ ಮುಚ್ಚಳ ತಾನೇ ತೆಗೆದಳು. ಒಂದೊಂದಕ್ಕೂ ಸೌಟು ಇಳಿಸಿದೆ, ಅಂಚಿನಲ್ಲಿ ಇಳಿಸಿದೆ, ನಡುವೆ ಇಳಿಸಿದೆ, ಬೇಕೆಂದೇ ಹುಡುಕಿದೆ. ಏನೂ ಸಿಗಲಿಲ್ಲ. ಡ್ರಮ್ಮಿನ ಒಳಮೈ ನಾರಿನಲ್ಲಿ ತಿಕ್ಕಿ ತಿಕ್ಕಿ ಬಣ್ಣ ಬಿಟ್ಟಿತ್ತು. ಎಷ್ಟು ದಿನಕ್ಕೊಮ್ಮೆ ತೊಳೆಯುತ್ತೀ ಅಂದೆ.

"ಹುಳ ಬೀಳೋವಷ್ಟು ದಿನ ಇಟ್ಕೊಳ್ಳೋಕೆ ನಮ್ಮ ಹತ್ರ ನೀರೆಲ್ಲಿದೆ ಪಾಪ್ಪಾ?" ಅಂದಳು. ನಿಮ್ಮೆಲ್ಲರ ಟ್ಯಾಂಕು ತುಂಬಿದ ಮೇಲೆ ಉಳಿದದ್ದು ನಮಗೆ, ಎರಡು ದಿನಕ್ಕೆ ಖಾಲಿ, ಖಾಲಿಯಾದಾಗ ತಿಕ್ಕಿಡುತ್ತೇನೆ, ಅಷ್ಟೇ ಅಂತ ಸೇರಿಸಿದಳು. ಮಗಳ ಶಾಲೆ ಎರಡು ಬೀದಿಯಾಚೆ, ವರ್ಷದ ನಡುವೆ ಎಲ್ಲಿಗೆ ಹೋಗಲಿ ಅಂತ ಅವಳು ಕೇಳಲಿಲ್ಲ. ಮಗಳ ಪುಸ್ತಕಗಳನ್ನು ಮಾತ್ರ ಆಗಲೇ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಟ್ಟಿದ್ದಳು.

ಶನಿವಾರದೊಳಗೆ ಎಲ್ಲ ಮನೆಗಳನ್ನು ಹೊಸದಾಗಿ ನೋಡಿದೆ. ಈ ಸಲ ಯಾರ ಮನೆಯಲ್ಲೂ ಕೂಡು ಅಂದರೆ ಕೂಡಲಿಲ್ಲ, ಕಾಫಿ ಕುಡಿಯಲಿಲ್ಲ, ಫ್ರಿಡ್ಜು ಎಳೆಸಿದೆ. ಐದು ಮನೆಗಳಲ್ಲಿ ಮರಿ ಸಿಕ್ಕಿತು. ಡಾಕ್ಟರ್ ಅಂಕಲ್ ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದರು, ಬಾಗಿಲಿಗೆ ಬೀಗ. ಗೀಟು ಹಾಕಿದೆ.

ಭಾನುವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಸಭೆಗೆ ಹೊರಟಾಗ ಫಾರಂ ಅವರ ಮುಂದಿಟ್ಟೆ. ಓದಿದರು. ಎರಡು ಸಲ ಓದಿದರು.

"ಇದನ್ನ ಸಭಾದಾಗ ಓದಾಕ ಹೊಂಟಿ ಏನ?"

"ಹೂಂ."

"ನಮ್ಮನಿ ನಂಬರ್ ಮ್ಯಾಲ ಐತಿ."

"ಮೊದ್ಲ ಅದನ್ನ ಓದ್ತೀನಿ."

"ನೋಡವಾ, ನಾ ಸೆಕ್ರೆಟರಿ ಅದೀನಿ. ನೋಟಿಸಿಗೆ ಸಹಿ ಹಾಕೀನಿ. ನಾಳಿ ಮಂದಿ ಏನಂತಾರ? ಆ ವಾಚ್‌ಮನ್‌ಗ ಬೇರೆ ಕಡೆ ಕೆಲಸ ಸಿಗತೈತಿ. ಊರ ಉಸಾಬರಿ ನಿನಗ್ಯಾಕ?"

"ಅಪ್ಪಾ, ಊರ ಉಸಾಬರೀನ ನಾ ಓದಾಕ ಹತ್ತೀನಿ. ಅದಕ್ಕ ನೀವು ಫೀ ಕಟ್ಟೀರಿ," ಅಂದೆ. ಅಷ್ಟು ಉದ್ದದ ಕನ್ನಡ ವಾಕ್ಯ ಅಪ್ಪನಿಗೆ ಎದುರಾಗಿ ನಾನು ಆಡಿದ್ದು ಅದೇ ಮೊದಲು. ಅಪ್ಪ ಚಪ್ಪಲಿ ಮೆಟ್ಟಿ ಹೊರಟರು.

ಕಾರುಗಳನ್ನು ಬದಿಗೆ ನಿಲ್ಲಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹಾಕಿದವನು ವಾಚ್‌ಮನ್ನೇ. ಅವನನ್ನು ಓಡಿಸುವ ಸಭೆಗೆ ಅವನೇ ಕುರ್ಚಿ ಒರೆಸಿ ಇಟ್ಟಿದ್ದ. ಗಂಡ ಹೆಂಡತಿ ಪಂಪ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗ ಹುಷಾರಾಗಿ ಹಿಂದಿನ ಸಂಜೆ ಮನೆಗೆ ಬಂದಿದ್ದ. ಡಾಕ್ಟರ್ ಅಂಕಲ್ ಒಂದು ವಾರದಲ್ಲಿ ಹತ್ತು ವರ್ಷ ಮುದುಕರಾದಂತಿದ್ದರು. "ಈ ಪಂಪ್ ರೂಮಿನವರ ಮೇಲೆ ನನಗೆ ದ್ವೇಷವಿಲ್ಲ, ಆದರೆ ನೀರು ತುಂಬಿಡುವವರು ಇಲ್ಲಿರುವಷ್ಟು ದಿನ ನಮ್ಮ ಮಕ್ಕಳಿಗೆ ಅಪಾಯ. ತೆರವಿಗೆ ಒಪ್ಪುವವರು ಕೈ ಎತ್ತಿ," ಅಂದರು.

ಕೈಗಳು ಏಳುವ ಮೊದಲು ನಾನೆದ್ದೆ.

"ಅಂಕಲ್, ಮೊದಲು ನಮ್ಮ ಮನೆ. ನಂಬರ್ ಹನ್ನೊಂದು. ನೋಡಿದ ಪಾತ್ರೆ ಏಳು. ಫ್ರಿಡ್ಜಿನ ಹಿಂದಿನ ತಟ್ಟೆಯಲ್ಲಿ ಮರಿ ಇತ್ತು. ನಮ್ಮದು ಸೆಕ್ರೆಟರಿ ಮನೆ."

ಯಾರೋ ಕೆಮ್ಮಿದರು. ಅಪ್ಪ ನೆಲ ನೋಡುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಹೆಸರು ಹೇಳದೆ ಬರೀ ನಂಬರು, ಪಾತ್ರೆ ಓದಿದೆ. ಬಾಗಿಲ ಬಳಿ ಹೂವು ತೇಲಿಬಿಟ್ಟ ಅಗಲ ಬಾಯಿಯ ಹಿತ್ತಾಳೆ ಪಾತ್ರೆ, ಉರುಳಿ. ಬಾಲ್ಕನಿಯ ಕುಂಡದ ಕೆಳಗಿನ ತಟ್ಟೆ. ಬಾಟಲಿಯಲ್ಲಿ ಬೆಳೆಸಿದ ಮನಿಪ್ಲಾಂಟು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾಲ್ಕನೇ ಮಹಡಿಯ ಆಂಟಿ ನಾನಿನ್ನೂ ಓದದ ಸಾಲಿಗೆ ನಮ್ಮದು ದಿನಾ ಬದಲಾಯಿಸುವ ನೀರು ಅಂತ ಜಗಳಕ್ಕೇ ಬಂದರು.

"ಹಾಗಾದರೆ ನನ್ನ ಮೊಮ್ಮಗನಿಗೆ ಕಚ್ಚಿದ್ದು ಇವರಲ್ಲಿ ಯಾರ ಮನೆ ಸೊಳ್ಳೆ?" ಡಾಕ್ಟರ್ ಅಂಕಲ್ ದನಿ ಒಡೆಯಿತು.

"ಅದನ್ನ ಯಾರೂ ಹೇಳೋಕಾಗಲ್ಲ ಅಂಕಲ್. ನಾನೂ ಹೇಳಲ್ಲ. ನೋಡಿದ್ದನ್ನ ಮಾತ್ರ ಹೇಳ್ತೀನಿ. ನಂಬರ್ ಇಲ್ಲದ ಮನೆ, ಪಂಪ್ ರೂಮು. ನೋಡಿದ್ದು ಆರು ಡ್ರಮ್ಮು. ಸೊನ್ನೆ. ಇನ್ನು ನಿಮ್ಮ ಮನೆ. ಹೋದ ವಾರ ನೋಡದೆ ಸೊನ್ನೆ ಬರೆದಿದ್ದೆ, ತಪ್ಪು ನನ್ನದು. ಈಗ ಗೀಟು ಹಾಕಿದೀನಿ. ನಿಮ್ಮ ಮನೆಯಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

"ಬಾ, ಈಗಲೇ ಬಂದು ನೋಡು," ಅಂದು ಅವರು ಎದ್ದರು.

ಮೊದಲೇ ಯೋಚಿಸಿದ್ದಲ್ಲ, ಆ ಕ್ಷಣ ಬಾಯಿಗೆ ಬಂತು. "ನಾನು ಬರಲ್ಲ ಅಂಕಲ್. ನಾನು ಎಂಬಿಬಿಎಸ್ ಮುಗಿಸಿಲ್ಲ. ಈ ಕಟ್ಟಡದಲ್ಲಿ ನೀರಿನ ಪಾತ್ರೆ ಸರಿಯಾಗಿ ಇಟ್ಟುಕೊಳ್ಳೋದು ಗೊತ್ತಿರೋರು ಬರ್ತಾರೆ." ಪಂಪ್ ರೂಮಿನವರೆಗೆ ನಡೆದು ಸೌಟನ್ನೂ ಟಾರ್ಚನ್ನೂ ಅಕ್ಕನ ಕೈಗೆ ಕೊಟ್ಟೆ. ಅವಳು ಹಿಂದೆ ಸರಿದಳು. ಗಂಡನ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಿಫ್ಟಿನ ಕಡೆ ಹೋಗದೆ, ತಾನು ದಿನಾ ಗುಡಿಸುವ ಮೆಟ್ಟಿಲು ಹತ್ತಿದಳು. ಅರ್ಧ ಸಭೆ ಅವಳ ಹಿಂದೆ ಹತ್ತಿತು.

ಡಾಕ್ಟರ್ ಅಂಕಲ್ ಫ್ರಿಡ್ಜನ್ನು ಅವರ ಮಗನೇ ಎಳೆದ. ಅಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಸೌಟು ಇಳಿಸಿ ಎತ್ತಿದಳು, ಸೌಟನ್ನು ಡಾಕ್ಟರ್ ಅಂಕಲ್ ಕಡೆ ಚಾಚಿದಳು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು. ಎಷ್ಟೋ ವರ್ಷ ಜ್ವರ ನೋಡಿದ ಕಣ್ಣು ಅದು, ಜ್ವರ ಹುಟ್ಟುವ ಜಾಗವನ್ನು ಮೊದಲ ಸಲ ನೋಡುತ್ತಿತ್ತು.

"ಬರ್ಕೋಮ್ಮಾ," ಅಂದರು ನನಗೆ. "ಒಂದು ಅಂತ ಬರ್ಕೋ."

ಗೀಟಿನ ಮೇಲೆ ಒಂದು ಬರೆದೆ. ಎಲ್ಲರ ಮನೆ ದೋಸೆಯೂ ತೂತೇ ಅಂತ ಅವತ್ತು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಸಭೆ ಮಾತ್ರ ಮುಂದುವರಿಯಲಿಲ್ಲ. ಯಾರೂ ವಾಚ್‌ಮನ್ ಹತ್ತಿರ ಹೋಗಿ ತಪ್ಪಾಯಿತು ಅನ್ನಲಿಲ್ಲ. ಕುರ್ಚಿಗಳನ್ನು ಅವನೇ ಎತ್ತಿಟ್ಟ. ಮಧ್ಯಾಹ್ನ ನೋಡಿದರೆ ಲಿಫ್ಟಿನ ಪಕ್ಕದ ನೋಟಿಸು ಇರಲಿಲ್ಲ. ಅಪ್ಪನ ಅಂಗಿಯ ಜೇಬಿನಿಂದ ಅದರ ಅಂಚು ಕಾಣುತ್ತಿತ್ತು.

ಡಿಗ್ರಿ ಮುಗಿಯಿತು. ಈಗ ಇದೇ ಊರಿನ ಬೀದಿಗಳನ್ನು ತಿರುಗುವ ಕೆಲಸ ಮಾಡುತ್ತೇನೆ, ನನ್ನ ಚಪ್ಪಲಿಗೂ ಕೆಸರು ಮೆತ್ತುತ್ತದೆ. ಅತ್ತೆ ಇವತ್ತಿಗೂ ಮದುವೆ ಮನೆಗಳಲ್ಲಿ ನನ್ನನ್ನು ನಮ್ಮ ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ ಅಂತಲೇ ಪರಿಚಯಿಸುತ್ತಾಳೆ. ನಾನು ಅಲ್ಲೇ ತಿದ್ದುತ್ತೇನೆ, ಆಸ್ಪತ್ರೆಗೆ ಮಂದಿ ಬರದ ಹಾಗೆ ನೋಡುವವಳು ಅಂತ. ಅವಳ ಮುಖ ಹುಳ್ಳಗಾದರೆ ಆಗಲಿ.

ನಮ್ಮ ಕಟ್ಟಡದಲ್ಲಿ ಶುಕ್ರವಾರಕ್ಕೊಮ್ಮೆ ಮನೆಮನೆ ನೋಡುವ ಕೆಲಸ ಅಕ್ಕನದು. ಅದಕ್ಕೆ ಬೇರೆ ಸಂಬಳ ಕೊಡಬೇಕೆಂದು ಮಂಡಿಸಿದವರು ಡಾಕ್ಟರ್ ಅಂಕಲ್. ಅವಳ ಫಾರಮ್ಮಿನಲ್ಲಿ ಹತ್ತೊಂಬತ್ತು ಸಾಲು, ಕೊನೆಯದು ಅವಳದೇ ಮನೆ. ಅಕ್ಷರ ಅವಳಿಗೆ ಕಷ್ಟ, ಅಂಕಿ ಸಲೀಸು. ಸೌಟು ಅವಳ ಹತ್ತಿರವೇ ಉಳಿಯಿತು. ಅವ್ವ ಹೋಳಿಗೆ ದಿನ ಸ್ಟೀಲಿನ ಸೌಟಿನಲ್ಲಿ ಬಡಿಸುತ್ತಾಳೆ.

ಹೋದ ಶುಕ್ರವಾರ ನಾನು ರಜೆಯಲ್ಲಿ ಮನೆಯಲ್ಲಿದ್ದೆ. ಅಕ್ಕ ಬಂದು ಬಾಗಿಲು ತಟ್ಟಿದಳು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ಹಿಟ್ಟು ಮಾಡಿಕೊಂಡೇ ಇಣುಕಿ, ನಿನ್ನೆ ನಾನೇ ತೊಳೆದಿಟ್ಟಿದ್ದೇನೆ, ಏನೂ ಇಲ್ಲ, ಸೊನ್ನೆ ಹಾಕಿಕೊಂಡು ಹೋಗು ಅಂತ ತನ್ನ ಗದಗಿನ ತಮಿಳಿನಲ್ಲಿ ಹೇಳಿದಳು.

ಅಕ್ಕ ಕದಲಲಿಲ್ಲ. "ಪಾಕ್ಕಾಮ ಎಳುದ ಮಾಟ್ಟೇಮ್ಮಾ," ಅಂದಳು. ನೋಡದೆ ಬರೆಯೋದಿಲ್ಲಮ್ಮಾ.

ಅಪ್ಪ ಓದುತ್ತಿದ್ದ ಪೇಪರು ಮಡಚಿಟ್ಟು, ಎದ್ದು ಹೋಗಿ ಫ್ರಿಡ್ಜು ಎಳೆದರು.